ಹೆಬ್ಬೆಟ್ಟು

ಗುರುವಾರ ಸಂಜೆ ಆರೂವರೆಗೆ
ಸಂಡೇ ಸ್ಕೂಲಿನ ಕೋಣೆಯಲ್ಲಿ ಸೇರುತ್ತೇವೆ,
ಒಂಬತ್ತು ಜನ ದೊಡ್ಡವರು, ಮಕ್ಕಳ ಗಿಡ್ಡ ಬೆಂಚುಗಳ ಮೇಲೆ
ಮಂಡಿ ಗಲ್ಲಕ್ಕೆ ತಾಗುವಂತೆ.
ಗೋಡೆಯಲ್ಲಿ ಯಾವುದೋ ಮಗು ಬಿಡಿಸಿದ ದೋಣಿ,
ದೋಣಿಗಿಂತ ದೊಡ್ಡ ಮೀನು, ಮೀನಿಗೆ ರೆಪ್ಪೆ.
ಕಿಟಕಿ ತೆರೆದರೆ ನಾಲೆ ಕಡೆಯ ಸೊಳ್ಳೆ,
ಮುಚ್ಚಿದರೆ ಸೆಕೆ. ಅರ್ಧ ತೆರೆದಿಡುತ್ತೇವೆ.
ಮಂಡ್ಯದ ಎಷ್ಟೋ ಜಗಳ ಹೀಗೇ ಮುಗಿಯುವುದು.

ಹಾಜರಿ ಬರೆಯುವುದು ನನ್ನ ಕೆಲಸ.
ಫ್ಲಾಸ್ಕು, ರಸ್ಕು, ಲೋಟಗಳ ಲೆಕ್ಕವೂ.
ನಿಜ ಹೇಳುವುದಾದರೆ, ಓದಿಗಿಂತ ಮೊದಲು
ನನ್ನನ್ನು ಇಲ್ಲಿಗೆ ಎಳೆದು ತಂದದ್ದು
ಯಾರಾದರೂ ಲೋಟ ಕೈಗಿಟ್ಟು
"ಸಕ್ಕರೆ ಸಾಕಾ?" ಎಂದು ಕೇಳುವ ಸುಖ.

ಒಬ್ಬೊಬ್ಬರಿಗೆ ಒಂದೊಂದು ವಚನ, ಸುತ್ತಿನಲ್ಲಿ.
ಸುಜ್ಞಾನಮ್ಮ ಟೀಚರು ಓದಿದರೆ
ಮಹಾಪ್ರಾಣಕ್ಕೆಲ್ಲ ಮರ್ಯಾದೆ;
ವೆಲ್ಡಿಂಗ್ ಅಂಗಡಿಯ ಪ್ರಭುದಾಸ ಓದಿದರೆ
ಹಕಾರಕ್ಕೆ ರಜೆ, ದೇವರ ಹಸ್ತವೂ ಅಸ್ತವೇ.
ಒಂದೇ ಅಧ್ಯಾಯದಲ್ಲಿ ಮೂರು ವಾರ ಸಿಕ್ಕಿಕೊಂಡದ್ದೂ ಉಂಟು,
ಅಂಜೂರದ ಮರ ಮಾಡಿದ ತಪ್ಪಾದರೂ ಏನು ಎಂದು.

ಆ ಗುರುವಾರ ಅಯ್ಯನವರು ಮೀಟಿಂಗಿಗೆಂದು ಮೈಸೂರಿಗೆ ಹೋಗಿದ್ದರು.
ಸುತ್ತು ಜ್ಞಾನಶೇಖರರ ಹತ್ತಿರ ಬಂತು,
ಅಳತೆಯ ಮಾತು ಬರುವ ಜಾಗ.
ಅವರು ಅರ್ಧಕ್ಕೆ ನಿಂತರು.
ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಲಿಲ್ಲ.
ಕರೆಂಟೇನೂ ಹೋಗಿರಲಿಲ್ಲ.

"ಬೆಲ್ಲದ ಮಂಡಿಯಲ್ಲಿ ತೂಕಕ್ಕೆ ನಿಂತವನು ನಾನು,
ಇಪ್ಪತ್ತೆರಡು ವರ್ಷ.
ಪಿಂಡಿಗೆ ಅರ್ಧ ಕೇಜಿ.
ಕಲ್ಲಿನ ತಟ್ಟೆಯ ಮೇಲೆ, ಇದು."
ಬಲಗೈ ಹೆಬ್ಬೆಟ್ಟು ಎತ್ತಿ ಹಿಡಿದರು,
ಓಟು ಹಾಕಿ ಬಂದವರು ಶಾಯಿ ತೋರಿಸುವ ಹಾಗೆ.
"ಸಾವ್ಕಾರ ಹೇಳಿದ, ನಾನು ಒತ್ತಿದೆ.
ಲಾಭ ಅವನದು. ಬೆರಳು ನನ್ನದು."

ಯಾರೂ ಏನೂ ಅನ್ನಲಿಲ್ಲ.
ಇಂಥದ್ದಕ್ಕೆ ನಮ್ಮಲ್ಲಿ ರೂಢಿಯಿಲ್ಲ.
ಕಾಯಿಲೆಗೆ ಪ್ರಾರ್ಥಿಸಲು ಗೊತ್ತು, ಪರೀಕ್ಷೆಗೆ, ಪ್ರಯಾಣಕ್ಕೆ,
ಸೊಸೆಯ ಹೆರಿಗೆಗೆ ಗೊತ್ತು.
ಸುಜ್ಞಾನಮ್ಮ ಪುಟ ಸವರಿ
"ಮುಂದಿನ ವಚನ ಯಾರದು?" ಅಂದರು,
ಕ್ಲಾಸಿನಲ್ಲಿ ಹುಡುಗ ವಾಂತಿ ಮಾಡಿಕೊಂಡಾಗ
ಪಾಠ ಮುಂದುವರಿಸುವ ದನಿಯಲ್ಲಿ.

ಮುಂದಿನದು ರತ್ನಮೇರಿಯದು. ಕೀಲಾರದವಳು.
ಅವಳು ಓದಲಿಲ್ಲ.
"ಕೀಲಾರದ ಗಾಡಿ ಬತ್ತಿದ್ವಾ ನಿಮ್ ತಾವ?"
"ಬತ್ತಿದ್ವು."
"ಕೊಂಬು ಮುರ್ದಿರೋ ಎತ್ತು?"
ಜ್ಞಾನಶೇಖರರು ಬಹಳ ಹೊತ್ತು ನೆಲ ನೋಡಿದರು.
"ಮನುಷ್ಯರ ಮುಖ ನೋಡ್ತಿರಲಿಲ್ಲ ಕಣಮ್ಮ.
ಎತ್ತುಗಳು ನೆನಪಿವೆ. ಎಡಗೊಂಬು."
"ನಮ್ಮಪ್ಪಂದು," ಅಂದಳು.

ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು
ಹಾಡು ಹಾಕಿಕೊಂಡು ಹೋಯಿತು.
ಗೋಡೆಯ ಮೀನು ಸ್ವಲ್ಪ ನಡುಗಿತು.

ಆಮೇಲೆ ಟೀ. ಫ್ಲಾಸ್ಕು ಅವಳೇ ಎತ್ತಿಕೊಂಡಳು.
ಎಲ್ಲರಿಗೂ ಕಂಠದವರೆಗೆ,
ಅವರ ಲೋಟಕ್ಕೆ ಮಾತ್ರ ಒಂದು ಹೆಬ್ಬೆಟ್ಟಿನಷ್ಟು ಕಡಿಮೆ.
ನಾನು ನೋಡಿದೆ. ಅವರೂ ನೋಡಿದರು.
ಕುಡಿದರು, ತಳದ ಸಕ್ಕರೆಯನ್ನೂ ಬಿಡದೆ.

ಕೊನೆಗೆ ಕೈ ಕೈ ಹಿಡಿದು ಪ್ರಾರ್ಥಿಸುವುದು ವಾಡಿಕೆ.
ಪ್ರಭುದಾಸ ಕೇಳಿದ, "ಎಬ್ಬೆಟ್ಟೆಲ್ಲಿ ಸಾರ್?"
ಅದು ಒಳಗಿತ್ತು, ನಾಲ್ಕು ಬೆರಳು ಮುಚ್ಚಿಕೊಂಡು.
"ಮಂಡೀಲಿ ಕಲ್ತಿದ್ದು
ಮಂಡಿಯೂರಿದ್ರೂ ಹೋಗಲ್ಲಪ್ಪ," ಅಂದರು.
ನಕ್ಕ ಹಾಗಿತ್ತು. ನಕ್ಕದ್ದಲ್ಲ.

ಮೂರು ಗುರುವಾರ ಅವರ ಬೆಂಚು ಖಾಲಿ.
ಮೂರೂ ಸಲ ರತ್ನಮೇರಿ ಬಾಗಿಲ ಕಡೆ ನೋಡಿ
"ಬರ್ನಿಲ್ವಾ" ಅಂದಳು. ಅಷ್ಟೇ,
ಅದರಲ್ಲಿ ಏನಿತ್ತೋ ತಿಳಿಯದು.
ನಾಲ್ಕನೆಯದಕ್ಕೆ ಬಂದರು, ತಡವಾಗಿ,
ಚಪ್ಪಲಿ ಬಿಡುವ ನೆಪದಲ್ಲಿ ಹೊರಗೇ ನಿಂತು.
ಅವಳು ಪುಸ್ತಕದಿಂದ ಕಣ್ಣೆತ್ತದೆ
ಬೆಂಚಿನ ಮೇಲೆ ಸರಿದು ಕೂತಳು.
ಎಷ್ಟು ಜಾಗ ಬಿಟ್ಟಳೆಂದು ಅಳೆಯಲು ಹೋಗಲಿಲ್ಲ ನಾನು.

ನಾನೂ ಒಂದು ಹೇಳಬೇಕಿದೆ,
ನನ್ನ ಸುತ್ತು ಇನ್ನೂ ಬಂದಿಲ್ಲ:
ಆ ಮೂರು ವಾರವೂ ಪುಸ್ತಕದಲ್ಲಿ
ಜ್ಞಾನಶೇಖರರ ಹೆಸರಿನ ಮುಂದೆ
ಹಾಜರು ಎಂದೇ ಬರೆದಿದ್ದೇನೆ.