ಡಬ್ಬಿಯೊಳಗಿನ ಸಿಹಿನೀರು

ಆಗಸ್ಟ್ ಒಂದು. ಬೈತಖೋಲದ ಧಕ್ಕೆಯಲ್ಲಿ
ಎರಡು ತಿಂಗಳು ಕಟ್ಟಿಹಾಕಿದ ಬೋಟುಗಳೆಲ್ಲ
ಒಮ್ಮೆಲೇ ಐಸು ಕೇಳುತ್ತಿವೆ.
ಗಡ್ಡೆ ಇದೆ. ಚೀಟಿ ಇಲ್ಲ.
ಚೀಟಿ ಕೊಡುವ ಲೆಕ್ಕದ ಪ್ರೋಗ್ರಾಮು
ಸೊಂಟ ಹಿಡಿದವರ ಹಾಗೆ
ಅರ್ಧ ಬಗ್ಗಿ ನಿಂತುಬಿಟ್ಟಿದೆ.

ಹುಬ್ಬಳ್ಳಿ ಲಾರಿಯವನು ಕಿಟಕಿಯಲ್ಲಿ ತಲೆ ತೂರಿ
‘ಹ್ಯಾಂಗಾತ್ರೀ?’ ಅಂದ.
‘ಹ್ಯಾಂಗ್ ಆತು’ ಅಂದಳು ಸುಗಂಧಾ ಹರಿಕಂತ್ರ.
ಪ್ರಶ್ನೆಯೂ ಅದೇ, ಉತ್ತರವೂ ಅದೇ;
ನಡುವೆ ನನ್ನನ್ನು ಕರೆಸಿದ್ದಾರೆ.

ಮ್ಯಾಕು ಬಂದದ್ದು ಬಾಗಿಲು ಮುಚ್ಚಿದ ರೆಸಾರ್ಟಿನ ಹರಾಜಿನಿಂದ,
ಎರಡು ಹಾಸಿಗೆ, ಒಂದು ತೂಗುಕುರ್ಚಿಯ ಜೊತೆ.
ಪ್ರೋಗ್ರಾಮು ಬರೆದದ್ದು ಅಂಕೋಲೆಯ ವಿಠೋಬ ಮಾಸ್ತರರು,
ತೊಂಬತ್ತೆಂಟರಲ್ಲಿ, ವಿಂಡೋಸಿಗೆಂದೇ.
ಹಾಗಾಗಿ ಮ್ಯಾಕಿನ ಹೊಟ್ಟೆಯಲ್ಲಿ ಒಂದು ಸುಳ್ಳು ಯಂತ್ರ,
ಸುಳ್ಳು ಯಂತ್ರದಲ್ಲಿ ನಿಜವಾದ ವಿಂಡೋಸು,
ಅದರೊಳಗೆ ಮಾಸ್ತರರ ಲೆಕ್ಕ:
ಬೋಟು, ಗಡ್ಡೆ, ನಗದು, ಉದ್ರಿ.
ಮೇ ತನಕ ಓಡಿದ್ದೂ ಹೀಗೇ.

ರೋಹಿದಾಸ ಕಂಪ್ರೆಸರ್ ಬಿಟ್ಟು ಬಂದು ನೋಡಿದ.
ಮೌಸಿನ ಬಾಣ ಹೊರಗೆ ಸರಾಗ ಓಡುತ್ತದೆ,
ಚೌಕಟ್ಟಿನೊಳಗೆ ಕಾಲಿಟ್ಟರೆ ಮರಳುಗಡಿಯಾರ.
‘ನಮ್ಮ ಟ್ಯಾಂಕೂ ಇದೇ ನಮೂನೆ’ ಅಂದ,
‘ಸುತ್ತ ಉಪ್ಪುನೀರು, ಎಷ್ಟು ತಣಿಸಿದರೂ ಹರಿತಾನೇ ಇರ್ತದೆ.
ಡಬ್ಬಿಯೊಳಗಿನ ಸಿಹಿನೀರು ಮಾತ್ರ ಗಟ್ಟಿ.’
ಇಪ್ಪತ್ತು ವರ್ಷ ಅಮೋನಿಯಾ ಮೂಸಿದ ಮೂಗು.
ಇಷ್ಟು ಚೆನ್ನಾಗಿ ನಾನು ಯಾರಿಗೂ ವಿವರಿಸಿರಲಿಲ್ಲ.

ಮದ್ದು ಶುರು. ಎರಡು ಜೀಬಿ ಮೆಮೊರಿ ನಾಲ್ಕು ಮಾಡಿದೆ.
ನಿಂತಿತು.
ಆರು ಮಾಡಿದೆ. ಈಗ ಮ್ಯಾಕೂ ಏದುಸಿರು ಬಿಟ್ಟಿತು.
ಮತ್ತೆ ನಾಲ್ಕು.
ಗ್ರಾಫಿಕ್ಸಿನ ಸಿಂಗಾರ ಕಳಚಿದೆ,
ಹಂಚಿಕೊಂಡ ಫೋಲ್ಡರಿನ ಬಾಗಿಲು ಹಾಕಿದೆ,
ಆಂಟಿವೈರಸ್ಸನ್ನು ಜೋಗುಳ ಹಾಡಿ ಮಲಗಿಸಿದೆ.
ನಿಂತಿತು, ಅದೇ ಜಾಗದಲ್ಲಿ,
‘ದಯವಿಟ್ಟು ಕಾಯಿರಿ’ ಎನ್ನಬೇಕಾದದ್ದು
‘ಕಾಯಿ’ಯವರೆಗೆ ಬಂದು, ಹಣ್ಣಾಗದೆ.

ಕೊನೆಗೆ ನಿನ್ನೆಯ ಸ್ನ್ಯಾಪ್‌ಶಾಟಿಗೆ ಹಿಂದಿರುಗಿಸಿದೆ.
ನಿನ್ನೆಯಲ್ಲಿ ಎಲ್ಲ ನೆಟ್ಟಗಿತ್ತು, ಮೊದಲ ಚೀಟಿಯ ತನಕ.
ಆದರೆ ಇವತ್ತು ಬೆಳಿಗ್ಗೆ ಎಂಟಕ್ಕೆ
ಮೋಹನದಾಸ ದುರ್ಗೇಕರರು ತೀರಿಸಿದ ಉದ್ರಿ
ಮತ್ತೆ ಬಾಕಿ.
ಅವರು ಅಲ್ಲೇ ಇದ್ದರು.
ರಸೀದಿ ತೆಗೆದು ಪರದೆಯ ಮುಖಕ್ಕೆ ಹಿಡಿದರು,
ಅದಕ್ಕೆ ಕಣ್ಣಿದ್ದ ಹಾಗೆ.

ಅಷ್ಟರಲ್ಲಿ ಸುಗಂಧಾ ಮಗಳ ಶಾಲೆಯ ಪಟ್ಟಿ ಹರಿದು
ಚೀಟಿ ಬರೆಯತೊಡಗಿದ್ದಳು.
ಹತ್ತು ಗಡ್ಡೆ, ಸಹಿ. ಇಪ್ಪತ್ತು, ಸಹಿ.
ಗಡ್ಡೆಗಳು ಹಲಗೆ ಜಾರಿ ಕ್ರಷರಿನ ಬಾಯಿಗೆ ಬಿದ್ದವು.
ಬರೆಯುತ್ತಲೇ, ತಲೆ ಎತ್ತದೆ, ಅಂದಳು:
‘ಮೊದಲಾದರೆ ಈ ಹೊತ್ತಿಗೆ ಕರ್ರ್ ಅಂತ ಸದ್ದು ಬರ್ತಿತ್ತು.’

ಯಾವ ಸದ್ದು?

‘ಆ ಹಳೇ ಪ್ರಿಂಟರು. ಜುಲೈಯಲ್ಲಿ ಗುಜರಿಗೆ ಹಾಕಿದರಲ್ಲ.’

ಕೀಬೋರ್ಡಿನಿಂದ ಕೈ ತೆಗೆದು ಕೂತೆ.
ಗುಜರಿಗೆ ಹೋದವನ ಹೆಸರು ಕೂಗಿ
ಮಾಸ್ತರರ ಲೆಕ್ಕ ಪೋರ್ಟಿನ ಬಾಯಲ್ಲಿ ನಿಂತಿದೆ,
‘ಇದ್ದೇನೆ ಸಾರ್’ ಎಂಬ ಒಂದು ಮಾತಿಗೆ.
ಹಾಜರಿ ಸಿಗದೆ ಮುಂದಿನ ಹೆಸರಿಗೆ ಹೋಗುವುದಿಲ್ಲ.
ಮಾಸ್ತರರು ಮಾಸ್ತರರೇ.

ಒಂದು ಹುಸಿ ಪ್ರಿಂಟರು ಮಾಡಿಕೊಟ್ಟೆ,
ಕಾಗದವಿಲ್ಲದ್ದು, ಹಲ್ಲಿಲ್ಲದ್ದು,
ಯಾರ ಹೆಸರು ಕೂಗಿದರೂ ‘ಇದ್ದೇನೆ’ ಅನ್ನುವಂಥದ್ದು.
ಪರದೆ ಮಿಟುಕಿತು. ‘ಕಾಯಿ’ಗೆ ‘ರಿ’ ಸೇರಿತು.
ಚೀಟಿ ಸಂಖ್ಯೆ ಒಂದು.

ಯಾರೂ ನೋಡಲಿಲ್ಲ.
ರೋಹಿದಾಸ ಡಬ್ಬಿಯೊಂದನ್ನು ಮಾಮೂಲಿ ನೀರಿನಲ್ಲಿ ಅದ್ದಿ
ಗಡ್ಡೆ ತಾನಾಗಿ ಬಿಡುವ ತನಕ ಬೀಡಿ ಹುಡುಕುತ್ತಿದ್ದ.
ಹನ್ನೊಂದು ಬೋಟು ಆಗಲೇ ದೇವಗಡದ ದೀಪ ದಾಟಿದ್ದವು,
ಅವಳ ಅಕ್ಷರದ ಮೇಲೆ.

ಸಂಜೆ ಕೂತು ಆ ಕೈಬರಹವನ್ನೆಲ್ಲ
ಒಂದೊಂದಾಗಿ ಯಂತ್ರಕ್ಕೆ ಉಣಿಸಿದೆವು.
ಮೋಹನದಾಸರ ಉದ್ರಿ ಮಾತ್ರ ಮರೆತುಹೋಯಿತು.
ಅದು ನಾಳೆಯ ಜಗಳ.