ಸರಿದು ಕೂಡ್ರಿ

ಅಲ್ದೋಣದ ಪಾಸ್ಕೋಲನ ಭಟ್ಟಿ
ಬಾಯಿ ಸಣ್ಣದು, ಹೊಟ್ಟಿ ದೊಡ್ಡದು.
ತಳದಾಗ ಒಡೆದ ಗಾಜು, ಉಪ್ಪು, ಅದರ ಮ್ಯಾಲ ಹಾಸುಗಲ್ಲು;
ಸಂಜೀ ಪಾವು ತೆಗೆದ ಮ್ಯಾಲೂ
ಬಿಸಿ ಇಳಿಯೂದಿಲ್ಲ, ಹಳೇ ಸಿಟ್ಟಿನಂಗ.

ಡಿಸೆಂಬರ್ ಇಪ್ಪತ್ನಾಲ್ಕು. ಊರಿಗೆಲ್ಲ ಹಬ್ಬ.
ಮನ್ಯಾಗಿನ ಓವನ್ನಿಗೆ ಒಂದು ಕೇಕು ಹಿಡಿದರ ಹೆಚ್ಚು,
ಅದಕ್ಕ ಇಲ್ಲಿಗೆ ಬರತಾವು
ಇಡೀ ಕೋಳಿ, ಬಾತುಕೋಳಿ, ನಿಂಬಿಹಣ್ಣು ಕಚ್ಚಿದ ಹಂದಿಮರಿ.
ಹದಿನಾಲ್ಕು ಟ್ರೇಕ್ಕ ಜಾಗಾ. ಚೀಟಿ ಕೊಟ್ಟದ್ದು ಇಪ್ಪತ್ತಾರು.
ಪಾಸ್ಕೋಲ ಯಾರಿಗೂ ಇಲ್ಲ ಅನ್ನಂಗಿಲ್ಲ,
ಅನ್ನೂ ಕೆಲಸ ನನ್ನದು.

ನಾ ಇಂಡಿ ತಾಲೂಕಿನಾಂವ. ತತ್ತೀನೂ ಒಳಗ ಬಂದ ಮನಿ ಅಲ್ಲ ನಮ್ಮದು.
ಆದರ ವಿಜಾಪುರ–ಪಣಜಿ ಬಸ್ಸಿನಾಗ ಹನ್ನೊಂದು ವರ್ಷ
ಓಡಾಡಿದಾಂವಗ ಜಾಗಾ ಮಾಡೂದು ಕಲಿಸಬೇಕೇನು?
"ಸರಿದು ಕೂಡ್ರಿ ಬಾಯಾರ, ಇನ್ನೊಬ್ಬರು ಹಿಡಿತಾರ,"
ಅಂತ ಉದ್ದ ಹಲಗೀಲೆ ಬಾತುಕೋಳಿ ಸೊಂಟಕ್ಕ ತಿವಿತೀನಿ.
ಹಂದಿಮರಿ ಹಿಂದಿನ ಸೀಟಿಗೆ, ಅದಕ್ಕ ಇನ್ನಾ ನಾಕು ತಾಸು.
ಬಟಾಟಿ ಬಾಗಲದಾಗ ನಿಂತು ಹೋಗ್ತಾವು, ಇಳಿಯೂದು ಲಗೂನ.
ಲುಕ್ರೇಸ್ ಬಾಯಿ ಕೋಳಿ ಹೊಟ್ಟಿ ಹೊಲಿದದ್ದು
ಜಂಪರ್ ಹೊಲಿಯೂ ನೀಲಿ ದಾರದಲೆ; ಅದನ್ನ ಕಿಡಕಿ ಕಡೆ.

ಎಲ್ಲಾ ಟ್ರೇ ಒಂದ ಅಂಗಡಿವು, ಅಲ್ಯುಮಿನಿಯಂ.
ಅದಕ್ಕ ಒಬ್ಬೊಬ್ಬರದು ಒಂದೊಂದು ಗುರುತು:
ಮೊಳೀಲೆ ಕೊರೆದ ಶಿಲುಬಿ, ಹಿಡಿಕಿಗೆ ಕಟ್ಟಿದ ತಂತಿ,
ಒಂದಕ್ಕ ಬರೇ ಒಂದು ನೆಗ್ಗು, "ನೋಡಿದರ ತಿಳೀತದ" ಅಂದ್ರು.
ಬೆಂಕ್ಯಾಗ ಎಲ್ಲಾ ಗುರುತೂ ಒಂದ ಬಣ್ಣ.

ಕುಸ್ತೋದ, ರೊಮಾಲ್ದ, ಅಣ್ಣತಮ್ಮರು.
ಬಾವಿ ಸಲುವಾಗಿ ಆರು ವರ್ಷ ಮಾತಿಲ್ಲ.
ಒಬ್ಬಾಂವ ಒಳಗ ಬಂದರ ಇನ್ನೊಬ್ಬಾಂವ
ಹುಣಸಿಗಿಡದ ಕೆಳಗ ನಿಂತು ಬೀಡಿ ಸೇದತಾನ.
ಉಳಿದ ಜಾಗಾ ಒಂದ. ಇಬ್ಬರ ಕೋಳೀನೂ
ತೊಡಿಗೆ ತೊಡಿ ಹಚ್ಚಿ ಕೂಡಿಸಿದೆ.
ಕೊಬ್ಬು ಕುದ್ದು ಚಿಟಪಟ ಅಂತು,
ಇದರ ರಸ ಅದಕ್ಕ ಹಾರಿತು, ಅದರದು ಇದಕ್ಕ.

ಮಿಸ್ಸಾದ ಮೊದಲನೇ ಗಂಟಿ. ಮಂದಿ ಮುಗಿಬಿದ್ದರು.
ಹೊಗಿ, ಬೆವರು, ಕಣ್ಣುರಿ.
"ನಂದು, ನಂದು," "ಏ ಘಾಟಿ, ಲಗೂ ಕೊಡು."
ಕೊಟ್ಟೆ.
ಎಲ್ಲಾರು ಹೋದಮ್ಯಾಲ ಬೂದ್ಯಾಗ ನನ್ನ ಎರಡು ಬದನೀಕಾಯಿ ಹುಗಿದು
ಕೈ ತೊಳಿಯೂ ಹೊತ್ತಿನಾಗ ನೆನಪಾತು:
ತಂತಿ ಇದ್ದದ್ದು ಕುಸ್ತೋದಂದಲ್ಲ.

ಬದನೀಕಾಯಿ ಗಂಟಲಾಗ ಇಳೀಲಿಲ್ಲ.
ಬರ್ತಾರ, ಬಯ್ತಾರ, ಪಾಸ್ಕೋಲ ಪಗಾರ ಮುರಿತಾನ.

ಇಪ್ಪತ್ತಾರಕ್ಕ ಕುಸ್ತೋದ ಬಂದ.
ತೊಳೆದ ಟ್ರೇ ಕಟ್ಟಿ ಮ್ಯಾಲಿಟ್ಟ.
"ಇದು ನಂದಲ್ಲ. ಯಾರದೋ ಅವರಿಗೆ ಕೊಡು.
ಮಸಾಲಿಗೆ ಉಪ್ಪು ಮುಂದಾಗಿತ್ತು, ಅದನ್ನೂ ಹೇಳು."

ಸಂಜೀಕ ರೊಮಾಲ್ದ. ಅವನೂ ಅದ ಮಾತು,
ಉಪ್ಪಿಂದೊಂದು ಬಿಟ್ಟು.
ಖಾಲಿ ಪಾತ್ರಿ ತಿರುಗಿ ಕೊಡಬಾರದಂತಾರ ನಮ್ಮ ಕಡೆ.
ಇವರ ಕಡೆ ಹೆಂಗೋ, ನನಗ ಗೊತ್ತಿಲ್ಲ.
ಅವನು ತಂದ ಟ್ರೇದ ಮೂಲ್ಯಾಗ, ಪೇಪರಿನ ತುಂಡಿನಾಗ
ಮೂರು ಕುಲ್ಕುಲ್ ಇದ್ದವು.
ನನಗೋ, ಅಣ್ಣಗೋ?
ಕೇಳೂದರಾಗ ಸೈಕಲ್ ಹತ್ತಿದ್ದ.

ಒಂದು ನಾ ತಿಂದೆ.
ಉಳಿದವೆರಡನ್ನ
ಟ್ರೇದ ನಡುವ ಸರಿಸಿಟ್ಟೆ.