ತುಟಿ ಓದುವವನು

ಡಂಡೀ ಊರಿನ ಗೋಣಿಗಿರಣಿಯಲ್ಲಿ
ನಮ್ಮವ್ವ ಮಗ್ಗಕ್ಕೆ ನಿಂತವಳು.
ಮುನ್ನೂರು ಮಗ್ಗಗಳ ಗದ್ದಲ. ಇಪ್ಪತ್ತೈದಕ್ಕೇ ಕಿವಿ ಹೋಯಿತು.
ಅಲ್ಲಿಯ ಹೆಂಗಸರೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದರು:
ಬಾಡಿಗೆ, ಬಸಿರು, ಗಂಡನ ಕುಡಿತ,
ಎಲ್ಲ ದೂರದಿಂದ, ಸದ್ದಿಲ್ಲದೆ.
ಮನೆಯಲ್ಲೂ ಅದೇ ಭಾಷೆ. ನನಗೂ ಬಂತು.
ಸುಳ್ಳು ಹೇಳುವುದಿದ್ದರೆ ಬೆನ್ನು ತಿರುಗಿಸಿ ಹೇಳು
ಎನ್ನುತ್ತಿದ್ದಳು.

ಈಗ ಗಿರಣಿಗಳಲ್ಲಿ ಬಾಡಿಗೆ ಫ್ಲ್ಯಾಟುಗಳು.
ನಾನು ಶಾಲೆಯ ಜವಾನ. ಇಪ್ಪತ್ತೆರಡು ವರ್ಷ.
ಬೀಗ, ಬಾಯ್ಲರು, ಬಲ್ಬು, ಬೆಲ್ಲು,
ನಾನು ಪಾಸಾದ ವಿಷಯಗಳು ಇಷ್ಟೇ.

ಫೆಬ್ರವರಿಯಲ್ಲಿ ಎರಡನೇ ಮಹಡಿಯ ಹುಡುಗರ ಕಕ್ಕಸಿನಲ್ಲಿ
ನೀರಿನ ಡಬ್ಬಿಯ ಹಿಂದೆ ಅರ್ಧ ಮಾತ್ರೆ ಸಿಕ್ಕಿತು.
ನೀಲಿ. ಹಾಲುಹಲ್ಲಿನಷ್ಟು.
ಲಕೋಟೆಗೆ ಹಾಕಿ, ತಾರೀಕು ಬರೆದು, ಆಫೀಸಿಗೆ ಕೊಟ್ಟೆ.

ಮರುವಾರ ಸಭೆ. ಯಾರೋ ಅಧಿಕಾರಿ ಬಂದು
ಪರದೆಯ ಮೇಲೆ ತಲೆಬುರುಡೆ ತೋರಿಸಿದರು,
ಕೊಳೆತ ಲಿವರು, ಜೈಲಿನ ಬಾಗಿಲು.
ನಾನು ಪರದೆಯ ಪಕ್ಕ ನಿಂತು ಹಿಂದಿನ ಸಾಲಿನ ತುಟಿ ಓದುತ್ತಿದ್ದೆ.
'ಶುಕ್ರವಾರ ಎಲ್ಲಿ?' 'ಅದು ನಮ್ಮಜ್ಜನ ಲಿವರು ಕಣೋ.'
'ನನಗೆ ಹಸಿವು.'
ಫರ್ಗಸ್ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.
ತಲೆಬುರುಡೆಯನ್ನು ಹಳೆ ಪರಿಚಯದವನಂತೆ
ನೋಡುತ್ತಿದ್ದ.

ಹದಿನೈದರ ಹುಡುಗ. ತಾಯಿಗೆ ವೃದ್ಧಾಶ್ರಮದಲ್ಲಿ ರಾತ್ರಿಪಾಳಿ.
ಬೆಳಿಗ್ಗೆ ಏಳಕ್ಕೇ ಗೇಟಿನಲ್ಲಿ ನಿಂತಿರುತ್ತಿದ್ದ,
ಕಡಲಹಕ್ಕಿಗಳು ಕಸದ ಡಬ್ಬಿ ಕೆದರುವ ಹೊತ್ತಿಗೆ.
'ಬಾಯ್ಲರ್ ಕೋಣೆಯಲ್ಲಿ ಕೂರಲೇ?'
'ಹತ್ತು ನಿಮಿಷ' ಎನ್ನುತ್ತಿದ್ದೆ. ಗಂಟೆಯಾಗುತ್ತಿತ್ತು.
ಒಮ್ಮೆ ತಾನಾಗಿ ಹೇಳಿದ: 'ನಿದ್ದೆ ಬರಲ್ಲ.'
ನಾನು ಪೈಪಿನ ನಟ್ಟು ಬಿಗಿಯುತ್ತ
'ಬಿಸಿ ಹಾಲು ಕುಡಿ' ಎಂದೆ.
ಮುಖ ಎತ್ತಿ ನೋಡಲಿಲ್ಲ.
ಅವ್ವ ಇದ್ದಿದ್ದರೆ ಅಲ್ಲೇ ಕಪಾಳಕ್ಕೆ ಬಾರಿಸುತ್ತಿದ್ದಳು.

ಮಾರ್ಚ್ ಒಂಬತ್ತು. ಅದೇ ಕಕ್ಕಸು. ಬಾಗಿಲಡಿ ಒಂದು ಶೂ.
ಬೀಗ ತೆಗೆಯುವುದು ನನ್ನ ಕಸುಬು; ಕೈ ಮೂರು ಸಲ ಜಾರಿತು.
ತುಟಿ ನೀಲಿ. ಓದಲು ಏನೂ ಇರಲಿಲ್ಲ.
ನಿದ್ದೆಗೆಂದು ಕೊಂಡ ಮಾತ್ರೆಯೊಳಗೆ ಬೇರೇನೋ ಇತ್ತು,
ಮಾರಿದವನಿಗೂ ಗೊತ್ತಿರಲಿಲ್ಲವಂತೆ.
ತರಬೇತಿಯಲ್ಲಿ ಬೊಂಬೆಯ ಮೇಲೆ ಕಲಿತದ್ದು:
ಆಂಬುಲೆನ್ಸಿಗೆ ಕೂಗು, ತಲೆ ಹಿಂದಕ್ಕೆ, ಮೂಗಿಗೆ ಸ್ಪ್ರೇ,
ಮಗ್ಗುಲಿಗೆ ಹೊರಳಿಸು, ಎಣಿಸು.
ಬೊಂಬೆಯ ಜೇಬಿನಲ್ಲಿ
ತಾಯಿ ಬರೆದ ಚೀಟಿ ಇರಲಿಲ್ಲ:
'ಸೂಪು ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೋ.'
ನಲವತ್ತೊಂದಕ್ಕೆ ಎದೆ ಎದ್ದಿತು.

ಎಲ್ಲರೂ ಕೇಳಿದರು. ಪೊಲೀಸು, ಹೆಡ್‌ಮಿಸ್, ದಾದಿ, ತಾಯಿ:
ಎಲ್ಲಿಂದ ಬಂತು? ಯಾರು ಕೊಟ್ಟರು? ಎಷ್ಟಕ್ಕೆ?
ಕೇಳಲೇಬೇಕು, ನಿಜ. ಇನ್ನೊಬ್ಬರ ಮಗನೂ ಇದ್ದಾನೆ.
ಆದರೆ ನಿದ್ದೆ ಎಲ್ಲಿ ಹೋಯಿತು ಎಂದು
ಯಾರೂ ಕೇಳಲಿಲ್ಲ.
ಕೇಳಬೇಕಾದವನು ನಟ್ಟು ಬಿಗಿಯುತ್ತಿದ್ದ.

ಐದು ವಾರಕ್ಕೆ ಮರಳಿದ. ಸಣ್ಣಗಾಗಿದ್ದ.
ಬಾಯ್ಲರ್ ಕೋಣೆಗೆ ಇನ್ನೊಂದು ಕುರ್ಚಿ ತಂದಿಟ್ಟಿದ್ದೆ,
ಸಂಗೀತದ ಕ್ಲಾಸಿನದು, ಒಂದು ಕಾಲು ಕುಂಟು.
ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕಿ, ಅವನ ಮುಖ ನೋಡಿ
ಕೇಳಿದೆ. ಉತ್ತರವಿಲ್ಲ. ಮರುದಿನವೂ.
ಒಂದು ವಾರ ಬರೀ ಫುಟ್‌ಬಾಲು.
ಆಮೇಲೊಂದು ಸೋಮವಾರ ಬಾಯ್ಲರು ಭರ್ರೆಂದು ಹೊತ್ತಿಕೊಂಡಾಗ
ಆ ಗದ್ದಲದೊಳಗೆ, ಯಾರಿಗೂ ಕೇಳದೆಂಬ ಧೈರ್ಯದಲ್ಲಿ
ಅವನ ತುಟಿ ಅಲುಗಿತು.

'ನನಗೆ ಕಾಣಿಸುತ್ತೆ, ಮಗಾ' ಎಂದೆ.
ತುಟಿ ನಿಲ್ಲಲಿಲ್ಲ.

ಏನೆಂದ ಎಂದು ಇಲ್ಲಿ ಹೇಳುವುದಿಲ್ಲ.
ಆವತ್ತು ಶಾಲೆಯ ಬೆಲ್ಲು
ನಾಲ್ಕು ನಿಮಿಷ ತಡವಾಗಿ ಹೊಡೆಯಿತು.
ರಿಜಿಸ್ಟರಿನಲ್ಲಿ 'ಯಂತ್ರದ ದೋಷ' ಎಂದು ಬರೆದೆ,
ಬೆನ್ನು ತಿರುಗಿಸಿ.